ಮಗಳ ಮೈ, ಮನೆಯವರ ಮಾತು

ಹಬ್ಬಕ್ಕೆಂದು ಹಾಸ್ಟೆಲಿನಿಂದ ಮನೆಗೆ ಬಂದ ಹುಡುಗಿಗೆ ಮೊದಲು ಎದುರಾಗುವುದು ಅವಳ ಮೈಯ ಬಗೆಗಿನ ತೀರ್ಪು. ದಪ್ಪಗಾಗಿದ್ದಾಳೆ, ಇಲ್ಲವೇ ಸೊರಗಿದ್ದಾಳೆ, ಇಲ್ಲವೇ ಬಿಸಿಲಿಗೆ ಕಪ್ಪಾಗಿದ್ದಾಳೆ. ಅವಳು ಚಪ್ಪಲಿ ಬಿಡುವಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ. ಓದು, ಊಟ, ಗೆಳತಿಯರ ವಿಚಾರ ಆಮೇಲೆ. ಹೀಗೆ ಹೇಳುವ ಅಜ್ಜಿ, ದೊಡ್ಡಮ್ಮ, ಸೋದರತ್ತೆಯರಲ್ಲಿ ಕೆಟ್ಟ ಮನಸ್ಸೇನೂ ಇರುವುದಿಲ್ಲ. ಅವರೂ ಅದೇ ವಯಸ್ಸಿನಲ್ಲಿ ಅದೇ ಮಾತು ಕೇಳಿಸಿಕೊಂಡೇ ಬೆಳೆದವರು. ಮೈಯ ಬಗ್ಗೆ ಎಚ್ಚರಿಸುವುದು ಹಿರಿಯರ ಕರ್ತವ್ಯ ಎಂದು ನಾವೆಲ್ಲ ನಂಬಿಕೊಂಡೇ ಬಂದವರು.

ಆ ನಂಬಿಕೆಯಿಂದ ಹುಡುಗಿಯರ ಆರೋಗ್ಯ ಸುಧಾರಿಸಿದೆಯೇ? 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಉಸಿರಾಟದ ವೇಗ ಹೆಚ್ಚಿಸುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರ ಜಾಗತಿಕ ಲೆಕ್ಕದಲ್ಲಿ 11ರಿಂದ 17ರ ವಯಸ್ಸಿನ ಹುಡುಗಿಯರ ಪೈಕಿ ನೂರಕ್ಕೆ 85 ಮಂದಿ ಈ ಮಟ್ಟ ಮುಟ್ಟಿರಲಿಲ್ಲ. ಹುಡುಗರಲ್ಲಿ 78 ಮಂದಿ. ಭಾರತದ ವಯಸ್ಕರಲ್ಲಿ ಈ ಅಂತರ ಇನ್ನೂ ಹೆಚ್ಚು. 2022ರ ಅಂದಾಜಿನಂತೆ ನಮ್ಮ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ, ಗಂಡಸರಲ್ಲಿ 42 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಈ ಅಂತರದ ದೊಡ್ಡ ಪಾಲು ಹುಟ್ಟುವುದು ಮನೆಯೊಳಗೆ, ನಾವು ಆಡುವ ಮಾತಿನಲ್ಲಿ, ಕೊಡುವ ಮತ್ತು ಕೊಡದಿರುವ ಅನುಮತಿಯಲ್ಲಿ. ಆದ್ದರಿಂದ ಮನೆಯ ನಂಬಿಕೆಗಳನ್ನೇ ಒಂದೊಂದಾಗಿ ಎತ್ತಿಕೊಳ್ಳಬೇಕು.

ತಪ್ಪು ಕಲ್ಪನೆ: ದಪ್ಪ ಆಗುತ್ತಿದ್ದೀಯ ಎಂದು ಆಗಾಗ ನೆನಪಿಸುತ್ತಿದ್ದರೆ ಹುಡುಗಿ ಎಚ್ಚೆತ್ತುಕೊಂಡು ತೂಕ ಇಳಿಸುತ್ತಾಳೆ. ಮನೆಯವರೇ ಹೇಳದಿದ್ದರೆ ಇನ್ಯಾರು ಹೇಳಬೇಕು?

ವಾಸ್ತವ: ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. ನೀನು ತುಂಬಾ ದಪ್ಪ ಎಂದು ಯಾರಾದರೂ ಹೇಳಿದ್ದಾರೆಯೇ ಎಂದು ಹತ್ತು ವರ್ಷದ ಹುಡುಗಿಯರನ್ನು ಕೇಳಲಾಗಿತ್ತು. ಅವರಿಗೆ ಹತ್ತೊಂಬತ್ತು ತುಂಬಿದಾಗ ಮತ್ತೆ ತೂಕ ನೋಡಲಾಯಿತು. ಹಾಗೆ ಹೇಳಿಸಿಕೊಂಡವರಲ್ಲೇ ಬೊಜ್ಜಿನ ಸಾಧ್ಯತೆ ಹೆಚ್ಚಾಗಿತ್ತು. ಅವರು ಚಿಕ್ಕಂದಿನಲ್ಲೇ ದಪ್ಪಗಿದ್ದಿರಬೇಕು, ಅದಕ್ಕೇ ಹೇಳಿಸಿಕೊಂಡಿರಬೇಕು ಎಂದು ನಮಗೆ ಅನ್ನಿಸುವುದು ಸಹಜ. ಹತ್ತರ ವಯಸ್ಸಿನ ತೂಕ, ಮನೆಯ ಆದಾಯ, ಮೈನೆರೆದ ವಯಸ್ಸು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಆ ವ್ಯತ್ಯಾಸ ಉಳಿಯಿತು. ಅದಕ್ಕಿಂತ ಮುಖ್ಯವಾದದ್ದು, ಹೊರಗಿನವರು ಹೇಳಿದ್ದಕ್ಕಿಂತ ಮನೆಯವರು ಹೇಳಿದ್ದರ ಜೊತೆ ಈ ಸಂಬಂಧ ಇನ್ನೂ ಗಟ್ಟಿಯಾಗಿತ್ತು. ಇಂಥ ಅಧ್ಯಯನ ಕಾರಣವನ್ನು ಪೂರ್ತಿ ಸಾಬೀತು ಮಾಡುವುದಿಲ್ಲ, ನಿಜ. ಆದರೆ ಚುಚ್ಚಿದರೆ ತೂಕ ಇಳಿಯುತ್ತದೆ ಎಂಬ ನಮ್ಮ ನಂಬಿಕೆಗೆ ಇದರಲ್ಲಿ ಒಂದಿಷ್ಟೂ ಆಸರೆ ಇಲ್ಲ.

ಮಿನೆಸೋಟ ವಿಶ್ವವಿದ್ಯಾಲಯದವರು ಹದಿಹರೆಯದವರ ಮೇಲೆ ದೀರ್ಘಕಾಲ ನಡೆಸಿದ ಸಂಶೋಧನೆಯೂ ಇದೇ ದಿಕ್ಕಿನಲ್ಲಿದೆ. ಡಯೆಟ್ ಎಂದು ಊಟ ಬಿಟ್ಟ ಹುಡುಗ ಹುಡುಗಿಯರು ಐದು ವರ್ಷದ ನಂತರ ಉಳಿದವರಿಗಿಂತ ಹೆಚ್ಚು ತೂಕದವರಾಗಿದ್ದರು. ಅಲ್ಲಿನವರೇ 2013ರಲ್ಲಿ ಇನ್ನೊಂದು ಸೂಕ್ಷ್ಮ ವ್ಯತ್ಯಾಸ ಕಂಡರು. ತಂದೆ ತಾಯಿ ತೂಕದ ಬಗ್ಗೆ ಮಾತಾಡುವ ಮನೆಗಳಲ್ಲಿ ಮಕ್ಕಳು ಉಪವಾಸ, ವಾಂತಿ, ಮಾತ್ರೆಗಳಂಥ ಅಪಾಯದ ದಾರಿ ಹಿಡಿಯುವುದು ಹೆಚ್ಚು. ತೂಕದ ಮಾತೆತ್ತದೆ ಒಳ್ಳೆಯ ಊಟದ ಬಗ್ಗೆ ಮಾತ್ರ ಮಾತಾಡುವ ಮನೆಗಳಲ್ಲಿ ಅದು ಕಡಿಮೆ. ಹೇಳಬೇಕಾದದ್ದನ್ನು ಹೇಳಲೇಬಾರದು ಎಂದೇನೂ ಇಲ್ಲ. ಸೊಪ್ಪು ತಿನ್ನೋಣ ಎನ್ನಬಹುದು, ಸಂಜೆ ನಡೆದು ಬರೋಣ ಎನ್ನಬಹುದು. ಆ ಮಾತಿಗೆ ಅವಳ ಸೊಂಟವನ್ನು ತಂದು ಜೋಡಿಸಿದ ಗಳಿಗೆಯಲ್ಲೇ ಸಲಹೆ ಅವಮಾನವಾಗುತ್ತದೆ.

ಅವಮಾನವಾದವರು ಅಡಗಿಕೊಳ್ಳುತ್ತಾರೆ. ಆಟ ಎಂದರೆ ಎಲ್ಲರ ಕಣ್ಣೆದುರು ಮೈ ಕುಣಿಸುವುದು, ಬೆವರುವುದು, ಏದುಸಿರು ಬಿಡುವುದು. ತನ್ನ ಮೈ ನೋಡಬಾರದ್ದು ಎಂದು ಮನೆಯಲ್ಲೇ ಕಲಿತ ಹುಡುಗಿ ಪಿ.ಟಿ. ಪೀರಿಯಡ್ಡಿನಲ್ಲಿ ಹೊಟ್ಟೆನೋವು ಎಂದು ಮರದ ನೆರಳಿಗೆ ಹೋಗಿ ಕೂರುತ್ತಾಳೆ. ಓಡು ಎನ್ನುವವರೇ ಅವಳ ಕಾಲು ಕಟ್ಟಿಹಾಕಿರುತ್ತಾರೆ.

ತಪ್ಪು ಕಲ್ಪನೆ: ಡುಮ್ಮಿ, ಗುಂಡಮ್ಮ, ಸಣಕಲಿ, ಕಡ್ಡಿ, ಕರಿಯವ್ವ ಇವೆಲ್ಲ ಮುದ್ದಿನ ಹೆಸರುಗಳು. ಮಕ್ಕಳು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ವಾಸ್ತವ: ಹಚ್ಚಿಕೊಳ್ಳುತ್ತಾರೆ. ಕರೆದವರು ಮರೆಯುತ್ತಾರೆ, ಕರೆಸಿಕೊಂಡವರು ಮರೆಯುವುದಿಲ್ಲ. ಮದುವೆಯಾಗಿ ಮಕ್ಕಳಾದ ಮೇಲೂ ತಾನು ಯಾವ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದೆ ಎಂದು ಯಾವ ಹೆಂಗಸನ್ನಾದರೂ ಕೇಳಿ ನೋಡಿ. ತೆಳ್ಳಗಿರುವವಳಿಗೂ ಇದೇ ಪಾಡು. ಸೊರಗಿ ಕಡ್ಡಿಯಾಗಿದ್ದೀಯ, ಗಾಳಿ ಬಂದರೆ ಹಾರಿ ಹೋಗುತ್ತೀಯ ಎಂಬ ಮಾತನ್ನು ನಾವು ನೋವು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇದರ ಜೊತೆ ಒಂದು ಹಳೆಯ ಭಯವೂ ಸೇರಿಕೊಂಡಿದೆ. ಮಗು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ, ಆದ್ದರಿಂದ ಕೊರತೆಯನ್ನೇ ಹೇಳುವುದು ಕ್ಷೇಮ ಎಂಬ ಭಯ. ಕೂಸುಗಳು ಕಣ್ಣೆದುರೇ ತೀರಿಹೋಗುತ್ತಿದ್ದ ಕಾಲದ ತಾಯಂದಿರ ಆತಂಕ ಅದು, ಅದನ್ನು ಹೀಗಳೆಯಬೇಕಿಲ್ಲ. ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದರೆ ಯಾರಿಗೂ ನಷ್ಟವಿಲ್ಲ, ಮಗುವಿಗೆ ಅಜ್ಜಿಯ ಕೈಯ ಸ್ಪರ್ಶವಾದರೂ ಸಿಗುತ್ತದೆ. ಆದರೆ ಹೊಗಳಿದ್ದರಿಂದ ಯಾವ ಮಗುವೂ ಕಾಯಿಲೆ ಬಿದ್ದಿಲ್ಲ. ಹೊಗಳಲು ಮೈಯೇ ಬೇಕೆಂದೂ ಇಲ್ಲ. ಚೆನ್ನಾಗಿ ಓಡಿದೆ, ಬಾಲು ಎಷ್ಟು ದೂರ ಎಸೆದೆ, ಗುಡ್ಡ ಹತ್ತಿಯೂ ದಣಿಯಲಿಲ್ಲವಲ್ಲ ಎಂದು ಹೇಳಿದರೆ ತನ್ನ ಮೈ ಏನೇನು ಮಾಡಬಲ್ಲದು ಎಂಬುದರ ಕಡೆಗೆ ಹುಡುಗಿಯ ಗಮನ ಹೋಗುತ್ತದೆ.

ತಪ್ಪು ಕಲ್ಪನೆ: ತಾಯಿ ತನ್ನ ಮೈಯ ಬಗ್ಗೆ ತಾನೇ ಆಡಿಕೊಂಡರೆ ಮಗಳಿಗೇನು? ಅದು ಅವಳ ಪಾಡು.

ವಾಸ್ತವ: ಕನ್ನಡಿಯ ಮುಂದೆ ಸೀರೆಯ ನೆರಿಗೆ ಹಿಡಿಯುತ್ತಾ ಹೊಟ್ಟೆ ಒತ್ತಿಕೊಂಡು ಬೇಸರಪಡುವ ತಾಯಿಯನ್ನು ಮಂಚದ ಮೇಲೆ ಕೂತ ಐದು ವರ್ಷದ ಮಗಳು ನೋಡುತ್ತಿರುತ್ತಾಳೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಹುಡುಗಿಯರನ್ನೇ ಮಾತಾಡಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತಾಯಿ ಡಯೆಟ್ ಮಾಡುತ್ತಿದ್ದ ಮನೆಯ ಮಕ್ಕಳಿಗೆ ತೂಕ ಇಳಿಸಲು ಊಟ ಬಿಡಬೇಕೆಂಬ ಕಲ್ಪನೆ ಇರುವ ಸಾಧ್ಯತೆ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಐದು ವರ್ಷ ಎಂದರೆ ಅಕ್ಷರ ತಿದ್ದುವ ವಯಸ್ಸು.

ಇದರ ಹೊರೆಯನ್ನು ತಾಯಿಯ ತಲೆಗೇ ಕಟ್ಟುವುದು ಅನ್ಯಾಯ. ಹೆರಿಗೆಯಾದ ಆರನೇ ತಿಂಗಳಿಗೆ ಹೊಟ್ಟೆ ಇನ್ನೂ ಇಳಿದಿಲ್ಲವಲ್ಲ ಎಂದು ಅವಳನ್ನು ಕೇಳಿದವರು ಮನೆಯಲ್ಲೇ ಇದ್ದಾರೆ. ಅದೇ ಮಾತನ್ನು ಅವಳು ಈಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ ಅಷ್ಟೆ.

ತಪ್ಪು ಕಲ್ಪನೆ: ಇದೆಲ್ಲ ಇನ್‌ಸ್ಟಾಗ್ರಾಂ, ಸಿನಿಮಾದ ಕಾಟ. ಮೈಕೈ ತುಂಬಿಕೊಂಡವಳನ್ನೇ ಲಕ್ಷಣ ಎನ್ನುವ ನಮ್ಮ ಸಂಸ್ಕೃತಿಯಲ್ಲಿ ಈ ಸಮಸ್ಯೆ ಇರಲೇ ಇಲ್ಲ. ಮನೆ ಏನು ಮಾಡಲು ಸಾಧ್ಯ?

ವಾಸ್ತವ: ಇದರಲ್ಲಿ ಅರ್ಧ ಸತ್ಯವಿದೆ. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲೂ ತುಂಬಿದ ಮೈಯನ್ನೇ ಚೆಲುವು ಎನ್ನುತ್ತಿದ್ದರು. ಅಲ್ಲಿನ ನಾದ್ರೋಗಾ ಎಂಬ ಪ್ರಾಂತ್ಯಕ್ಕೆ 1995ರಲ್ಲಿ ಟಿ.ವಿ. ಬಂತು. ಮೂರು ವರ್ಷ ಕಳೆದು ವೈದ್ಯೆ, ಮಾನವಶಾಸ್ತ್ರಜ್ಞೆ ಆ್ಯನ್ ಬೆಕರ್ ಶಾಲಾ ಹುಡುಗಿಯರನ್ನು ಕೇಳಿದಾಗ ನೂರಕ್ಕೆ 74 ಮಂದಿ ತಾವು ತೀರಾ ದಪ್ಪ ಎಂದುಕೊಂಡಿದ್ದರು. ಟಿ.ವಿ. ಬಂದ ಹೊಸತರಲ್ಲಿ ಕೇಳಿದಾಗ ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಎಂದವರು ಒಬ್ಬರೂ ಇರಲಿಲ್ಲ. ಮೂರು ವರ್ಷದ ನಂತರ ನೂರಕ್ಕೆ 11 ಮಂದಿ ಇದ್ದರು. ಪರದೆಯ ಶಕ್ತಿ ಅಷ್ಟು ದೊಡ್ಡದು.

ಆದರೆ ತುಂಬಿದ ಮೈಯನ್ನು ಮೆಚ್ಚುವ ಸಂಸ್ಕೃತಿಯೂ ಮೈಯನ್ನು ಅಳೆಯುವ ಸಂಸ್ಕೃತಿಯೇ. ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂರಿಸಿ ಎತ್ತರ, ಬಣ್ಣ, ಜಡೆಯ ಉದ್ದ ನೋಡಿದವರು ಸಿನಿಮಾದವರಲ್ಲ. ಮ್ಯಾಟ್ರಿಮೊನಿಯ ಅರ್ಜಿಯಲ್ಲಿ ತೆಳ್ಳಗೆ, ಸಾಧಾರಣ, ದಪ್ಪ ಎಂಬ ಆಯ್ಕೆಯಲ್ಲಿ ಮಗಳನ್ನು ಯಾವುದಕ್ಕೆ ಹಾಕಬೇಕು ಎಂದು ಅವಳೆದುರೇ ಚರ್ಚೆ ಮಾಡುವವರೂ ನಾವೇ. ಫೋನಿನಲ್ಲಿ ಕಂಡ ಮೈ ಸುಳ್ಳು, ಬೆಳಕು ಫಿಲ್ಟರುಗಳ ಕೆಲಸ ಎಂದು ಹುಡುಗಿಗೆ ಬೇಗ ಅರ್ಥವಾಗುತ್ತದೆ. ಊಟದ ತಟ್ಟೆಯ ಮುಂದೆ ಅಪ್ಪ ಹೇಳಿದ ಮಾತು ಸುಳ್ಳಿರಬಹುದು ಎಂದು ಅವಳಿಗೆ ಅನ್ನಿಸುವುದು ಕಷ್ಟ. ಮನೆಯ ಮಾತಿಗೆ ತೂಕ ಹೆಚ್ಚು ಎಂದಾದರೆ, ಮನೆ ಮಾಡಬಹುದಾದದ್ದೂ ಹೆಚ್ಚು.

ತಪ್ಪು ಕಲ್ಪನೆ: ದಪ್ಪಗಿರುವವಳು ಸೋಮಾರಿ, ತಿನ್ನುವುದರಲ್ಲಿ ಹಿಡಿತವಿಲ್ಲ. ತೆಳ್ಳಗಿರುವವಳು ಆರೋಗ್ಯವಂತೆ, ಅವಳಿಗೆ ವ್ಯಾಯಾಮ ಯಾಕೆ?

ವಾಸ್ತವ: ಡೆನ್ಮಾರ್ಕಿನಲ್ಲಿ ದತ್ತು ಹೋದ 540 ಮಂದಿಯ ತೂಕವನ್ನು ಅವರ ಹೆತ್ತವರ, ಸಾಕಿದವರ ತೂಕಗಳ ಜೊತೆ ಹೋಲಿಸಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ದತ್ತು ಮಕ್ಕಳ ಮೈಕಟ್ಟು ಹೋಲುತ್ತಿದ್ದದ್ದು ಹೆತ್ತವರನ್ನು. ಅವರು ಅನ್ನ ಉಂಡು ಬೆಳೆದ ಮನೆಯವರ ತೂಕಕ್ಕೂ ಅವರ ತೂಕಕ್ಕೂ ಸಂಬಂಧವೇ ಕಾಣಲಿಲ್ಲ. ಅಂದ ಮೇಲೆ ಅಪ್ಪನ ಕಡೆಯ ಅಜ್ಜಿಯ ಅಗಲ ಭುಜ ಹೊತ್ತು ಬಂದ ಮೊಮ್ಮಗಳನ್ನು, ಚಿಕ್ಕಮ್ಮನ ಮಗಳ ಹಾಗೆ ನೀನೇಕಿಲ್ಲ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಊಟ, ಓಡಾಟ, ನಿದ್ದೆ ಇವೆಲ್ಲ ತೂಕವನ್ನು ಹೆಚ್ಚುಕಡಿಮೆ ಮಾಡುತ್ತವೆ, ಆದರೆ ಹುಟ್ಟಿನಿಂದ ಬಂದ ಚೌಕಟ್ಟಿನೊಳಗೆ.

ಇನ್ನು ತೆಳ್ಳಗಿರುವವರ ವಿಚಾರ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಭಾವಚಿತ್ರ ಹಾಕಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಎತ್ತರಕ್ಕೆ ತೂಕವನ್ನು ಹೋಲಿಸುವ ಬಿ.ಎಂ.ಐ. ಅಳತೆ ಇಬ್ಬರದ್ದೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ 21.2. ನೋಡಲು ತೆಳ್ಳಗಿದ್ದರೂ ನಮ್ಮವರ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಸಕ್ಕರೆ ಕಾಯಿಲೆ ನಮ್ಮಲ್ಲಿ ಬೇಗ ಬರಲು ಇದೂ ಒಂದು ಕಾರಣ. ತೆಳ್ಳಗಿದ್ದಾಳೆ ಎಂದು ವ್ಯಾಯಾಮದಿಂದ ಬಿಡುವು ಕೊಟ್ಟ ಮಗಳಿಗೂ ನಾವು ಉಪಕಾರ ಮಾಡಿದಂತಾಗಲಿಲ್ಲ.

ಸೋಮಾರಿ ಎಂಬ ಬೈಗುಳದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರ ಪೈಕಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದರೆ ಮೆಟ್ಟಿಲು ಹತ್ತಿದರೂ ಏದುಸಿರು, ಕೂತಲ್ಲೇ ತೂಕಡಿಕೆ, ಓಡಿದರೆ ಎದೆ ಹೊಡೆದುಕೊಳ್ಳುತ್ತದೆ. ಮನೆಯವರ ಕಣ್ಣಿಗೆ ಅದು ಸೋಮಾರಿತನ. ಬೈಯುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಹನಿ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆ ಇದ್ದರೆ ಅವಳಿಗೆ ಬೇಕಾದದ್ದು ಕಬ್ಬಿಣದ ಮಾತ್ರೆ, ವೈದ್ಯರ ಸಲಹೆ.

ಪಿ.ಸಿ.ಓ.ಎಸ್. ಎಂಬ ಹಾರ್ಮೋನಿನ ತೊಂದರೆ ಇರುವವರ ಕಥೆಯೂ ಹೀಗೆಯೇ. ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 10ರಿಂದ 13 ಮಂದಿಗೆ ಇದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸುತ್ತದೆ. ಇದಿರುವ ಹಲವರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ತೂಕ ಬೇಗ ಏರುತ್ತದೆ, ನಿಧಾನ ಇಳಿಯುತ್ತದೆ, ಮುಖದಲ್ಲಿ ಕೂದಲು, ಮೊಡವೆ ಬರುತ್ತದೆ. ಅನ್ನ ಬಿಡು, ಎಲ್ಲ ಸರಿಹೋಗುತ್ತದೆ ಎನ್ನುವುದು ಸುಲಭ. ತೂಕ ಒಂದು ಕಿಲೋ ಇಳಿಯದಿದ್ದರೂ ವ್ಯಾಯಾಮದಿಂದ ಲಾಭವಿದೆ ಎಂಬುದನ್ನು ಅವಳಿಗೆ ಹೇಳುವವರು ಕಡಿಮೆ. ತೂಕದ ಮುಳ್ಳು ಅಲುಗಾಡಲಿಲ್ಲ ಎಂದು ಅವಳು ನಡಿಗೆಯನ್ನೇ ಬಿಟ್ಟುಬಿಡುತ್ತಾಳೆ.

ತಪ್ಪು ಕಲ್ಪನೆ: ದೊಡ್ಡವಳಾದ ಮೇಲೆ ಓಡುವುದು, ಜಿಗಿಯುವುದು, ಸೈಕಲ್ ಹೊಡೆಯುವುದು ಒಳ್ಳೆಯದಲ್ಲ. ಗರ್ಭಕೋಶ ಜಾರುತ್ತದೆ, ಕನ್ಯಾಪೊರೆ ಹರಿಯುತ್ತದೆ, ಮುಟ್ಟಿನ ದಿನ ಮೈ ದಣಿಸಿದರೆ ಮುಂದೆ ಮಕ್ಕಳಾಗುವುದಿಲ್ಲ.

ವಾಸ್ತವ: ಆಟ ನಿಲ್ಲುವುದು ಇಲ್ಲಿ. ಏಳನೇ ಕ್ಲಾಸಿನವರೆಗೆ ಕುಂಟಾಬಿಲ್ಲೆ, ಖೋ ಖೋ, ಲಗೋರಿ ಎಂದು ಬೀದಿಯಲ್ಲೇ ಇದ್ದವಳಿಗೆ ಕೊಬ್ಬರಿ ಬೆಲ್ಲ, ಚಿಗಳಿ ಉಂಡೆ ತಿನ್ನಿಸಿ, ಆರತಿ ಮಾಡಿ, ಆಮೇಲೆ ಅಂಗಳ ದಾಟಬೇಡ ಎನ್ನುತ್ತೇವೆ. ಎಳ್ಳು ಬೆಲ್ಲ ಕೊಬ್ಬರಿ ಒಳ್ಳೆಯ ತಿನಿಸೇ. ಅದರ ಜೊತೆ ಬರುವ ನಿರ್ಬಂಧಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ.

ಗರ್ಭಕೋಶವನ್ನು ಕೆಳಹೊಟ್ಟೆಯಲ್ಲಿ ಗಟ್ಟಿಯಾದ ತಂತುಗಳು, ಸ್ನಾಯುಗಳು ಹಿಡಿದುಕೊಂಡಿವೆ. ಹುಡುಗಿ ಜಿಗಿದ ಮಾತ್ರಕ್ಕೆ ಅದು ಜಾರುವುದಿಲ್ಲ. ಕನ್ಯಾಪೊರೆ ಎನ್ನುವುದು ಮುಚ್ಚಳವೂ ಅಲ್ಲ, ಮುದ್ರೆಯೂ ಅಲ್ಲ. ಅದು ಯೋನಿಯ ಬಾಯಂಚಿನಲ್ಲಿರುವ ತೆಳು ಅಂಗಾಂಶ. ಅದರ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಅದನ್ನು ನೋಡಿ ಹುಡುಗಿಯ ನಡತೆ ಹೇಳಲು ಯಾವ ವೈದ್ಯರಿಗೂ ಆಗುವುದಿಲ್ಲ. ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಇತರ ಅಂಗಗಳು 2018ರಲ್ಲಿ ಹೇಳಿದವು. ಅತ್ಯಾಚಾರ ಪ್ರಕರಣಗಳಲ್ಲಿ ನಡೆಸುತ್ತಿದ್ದ ಎರಡು ಬೆರಳ ಪರೀಕ್ಷೆ ಹೆಣ್ಣಿನ ಘನತೆಗೆ ಧಕ್ಕೆ ಎಂದು ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿತು, 2022ರಲ್ಲಿ ಮತ್ತೆ ಖಂಡಿಸಿತು. ಹೀಗಿರುವಾಗ ಒಂದು ಪೊರೆಗೆ ಹೆದರಿ ಸೈಕಲ್ ಬಿಡಿಸುವುದು ಎಷ್ಟು ಸರಿ?

ಮುಟ್ಟಿನ ದಿನಗಳಲ್ಲಿ ಸುಸ್ತಿದ್ದರೆ ವಿಶ್ರಾಂತಿ ಬೇಕು, ಅದನ್ನು ನಿರ್ಧರಿಸಬೇಕಾದವಳು ಅವಳೇ. ಆದರೆ ವಾರಕ್ಕೆ ಮೂರು ಬಾರಿ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ವ್ಯಾಯಾಮ ಮಾಡುವವರಿಗೆ ಮುಟ್ಟಿನ ನೋವು ಕಡಿಮೆಯಾಗುವ ಸಾಧ್ಯತೆ ಇದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2019ರ ಕಾಕ್ರೇನ್ ವಿಮರ್ಶೆ ತಿಳಿಸುತ್ತದೆ. ನೋವಿಗೆ ಹೆದರಿ ನಾವು ತಪ್ಪಿಸಿದ್ದು ನೋವು ಇಳಿಸಬಹುದಾಗಿದ್ದ ಸಂಗತಿಯನ್ನೇ.

ಇನ್ನೊಂದು ತೊಡಕಿದೆ, ಅದರ ಬಗ್ಗೆ ಮನೆಗಳಲ್ಲಿ ಮಾತೇ ಇಲ್ಲ. ಹೈಸ್ಕೂಲಿನ ಮೈದಾನದಲ್ಲಿ ಥ್ರೋಬಾಲ್ ಆಡುವ ಹುಡುಗಿಯರನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಚೂಡಿದಾರದ ವೇಲನ್ನು ಎರಡೂ ಭುಜಕ್ಕೆ ಪಿನ್ ಹಾಕಿ, ಸೊಂಟಕ್ಕೆ ಸುತ್ತಿ ಗಂಟು ಬಿಗಿದಿರುತ್ತಾರೆ. ಬಾಲು ಎತ್ತರದಲ್ಲಿ ಬಂದಾಗ ಒಂದು ಕೈ ಬಾಲಿಗೆ ಹೋದರೆ ಇನ್ನೊಂದು ಕೈ ವೇಲಿಗೆ ಹೋಗುತ್ತದೆ. ಎರಡೂ ಕೈಯಲ್ಲಿ ಹಿಡಿಯಬೇಕಾದ ಆಟವದು. ಬಾಲು ನೆಲಕ್ಕೆ ಬೀಳುತ್ತದೆ. ಬ್ರಿಟನ್ನಿನಲ್ಲಿ 11ರಿಂದ 18 ವರ್ಷದ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿನಿಯರನ್ನು ಕೇಳಿದಾಗ ನೂರಕ್ಕೆ 46 ಮಂದಿ, ಎದೆಯ ಬೆಳವಣಿಗೆಯಿಂದಾಗಿ ಆಟಕ್ಕೆ ಅಡ್ಡಿಯಾಗಿದೆ ಎಂದಿದ್ದರು. ಅಲ್ಲೇ ಹಾಗಿದ್ದರೆ ಇಲ್ಲಿ ಬೇರೆ ಹೇಳಬೇಕಿಲ್ಲ. ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ, ಒಂದು ಸಡಿಲ ಟೀ ಷರಟು, ಟ್ರ್ಯಾಕ್ ಪ್ಯಾಂಟು ಕೊಡಿಸುವುದು ತಾಯಿಯೋ ಅಕ್ಕನೋ ಮಾಡಬಹುದಾದ ಕೆಲಸ. ಹುಡುಗಿ ಆಟ ಬಿಟ್ಟ ಕಾರಣ ಎಷ್ಟೋ ಸಲ ಇಷ್ಟು ಸಣ್ಣದು.

ತಪ್ಪು ಕಲ್ಪನೆ: ಮನೆಗೆಲಸ ಮಾಡಿದರೆ ಸಾಕು, ಅದಕ್ಕಿಂತ ವ್ಯಾಯಾಮ ಬೇಕೇ? ನಮ್ಮ ಅಜ್ಜಿಯರು ಜಿಮ್ಮಿಗೆ ಹೋಗಿದ್ದರೇ?

ವಾಸ್ತವ: ಅಜ್ಜಿ ಬಾವಿಯಿಂದ ನೀರು ಸೇದುತ್ತಿದ್ದಳು, ಒರಳಲ್ಲಿ ರುಬ್ಬುತ್ತಿದ್ದಳು, ಕಳೆ ಕೀಳುತ್ತಿದ್ದಳು, ಸಂತೆಗೆ ನಡೆಯುತ್ತಿದ್ದಳು. ಇಂದಿನ ಮನೆಗೆಲಸದ ಬಹುಪಾಲು ಸ್ಟೌ ಮುಂದೆ, ಸಿಂಕಿನ ಮುಂದೆ ನಿಂತಲ್ಲೇ ನಿಲ್ಲುವುದು. ಕಾಲು ಬಾತುಕೊಳ್ಳುತ್ತದೆ, ಸೊಂಟ ನೋಯುತ್ತದೆ, ಆದರೆ ಉಸಿರಾಟದ ವೇಗ ಹೆಚ್ಚುವುದಿಲ್ಲ, ಸ್ನಾಯು ಗಟ್ಟಿಯಾಗುವುದಿಲ್ಲ. ನೆಲ ಒರೆಸುವ, ಬಟ್ಟೆ ಒಗೆಯುವಂಥ ಕೆಲಸ ಲೆಕ್ಕಕ್ಕೆ ಬರುತ್ತದೆ, ಆದರೆ ದಣಿವೆಲ್ಲ ವ್ಯಾಯಾಮವಲ್ಲ.

ಇಲ್ಲಿ ನಿಜವಾದ ಸಂಗತಿ ಹೊತ್ತಿನದು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಗಂಡಸರಲ್ಲಿ ತೊಡಗುವವರು 97 ನಿಮಿಷ. ಅಣ್ಣ ಕಾಲೇಜಿನಿಂದ ಬಂದವನೇ ಬ್ಯಾಟು ಹಿಡಿದು ಹೊರಟರೆ ಯಾರೂ ಕೇಳುವುದಿಲ್ಲ. ತಂಗಿ ಅದೇ ಹೊತ್ತಿಗೆ ಪಾತ್ರೆ ತೊಳೆದು, ಹಿಟ್ಟು ಕಲಸಿಡಬೇಕು. ಅಷ್ಟರಲ್ಲಿ ಕತ್ತಲಾಗಿರುತ್ತದೆ, ಕತ್ತಲಾದ ಮೇಲೆ ಹೋಗುವಂತಿಲ್ಲ. ಆಮೇಲೆ ಅವಳಿಗೆ ವ್ಯಾಯಾಮದಲ್ಲಿ ಆಸಕ್ತಿಯಿಲ್ಲ ಎನ್ನುತ್ತೇವೆ.

ತಪ್ಪು ಕಲ್ಪನೆ: ತೂಕ ಎತ್ತಿದರೆ ಹುಡುಗಿ ಗಂಡಸಿನ ಹಾಗಾಗುತ್ತಾಳೆ, ಯಾರು ಮದುವೆಯಾಗುತ್ತಾರೆ?

ವಾಸ್ತವ: ದಪ್ಪ ಸ್ನಾಯು ಬೆಳೆಯಲು ಬೇಕಾದ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಹೆಂಗಸರಲ್ಲಿ ಗಂಡಸರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ಮೀರಾಬಾಯಿ ಚಾನು ಅಲ್ಲಿ 49 ಕಿಲೋ ವಿಭಾಗದಲ್ಲಿದ್ದರು; ತಲೆಯ ಮೇಲೆ ಎತ್ತಿ ಹಿಡಿದದ್ದು 115 ಕಿಲೋ. ಹುಡುಗಿಯರ ಮೂಳೆಯ ಸುಮಾರು ನೂರಕ್ಕೆ 90 ಭಾಗ ಹದಿನೆಂಟರ ಹೊತ್ತಿಗೆ ಕೂಡಿಕೊಂಡಿರುತ್ತದೆ. ಜಿಗಿತ, ಓಟ, ಭಾರ ಎತ್ತುವುದು ಮೂಳೆಯನ್ನು ಗಟ್ಟಿ ಮಾಡುತ್ತವೆ. ಆ ವಯಸ್ಸಿನಲ್ಲಿ ತಪ್ಪಿದ್ದನ್ನು ಐವತ್ತರಲ್ಲಿ ಕ್ಯಾಲ್ಸಿಯಂ ಮಾತ್ರೆ ನುಂಗಿ ಪೂರ್ತಿ ತುಂಬಿಸಿಕೊಳ್ಳಲಾಗದು.

ತಪ್ಪು ಕಲ್ಪನೆ: ಹೆಣ್ಣುಮಗಳ ಮೈ, ಆಟ, ಬಟ್ಟೆಯ ವಿಚಾರ ತಾಯಿಗೆ ಸೇರಿದ್ದು. ತಂದೆ ತಲೆಹಾಕಬಾರದು.

ವಾಸ್ತವ: ಆಸ್ಟ್ರೇಲಿಯಾದ ನ್ಯೂಕಾಸಲ್ ವಿಶ್ವವಿದ್ಯಾಲಯ ತಂದೆ ಮತ್ತು ಹೆಣ್ಣುಮಕ್ಕಳಿಗೆಂದೇ ಒಂದು ಕಾರ್ಯಕ್ರಮ ರೂಪಿಸಿತು. ಚೆಂಡು ಎಸೆಯುವುದು, ಹಿಡಿಯುವುದು, ಒದೆಯುವುದು, ಹುಡುಗಾಟದ ಕುಸ್ತಿ ಇವನ್ನು ಅಪ್ಪ ಮಗಳು ಜೊತೆಗೇ ಮಾಡಬೇಕು. ಅದನ್ನು ಕ್ರಮಬದ್ಧವಾಗಿ ಪರೀಕ್ಷಿಸಿದಾಗ ಹುಡುಗಿಯರ ಚಟುವಟಿಕೆಯೂ ಅಪ್ಪಂದಿರ ಚಟುವಟಿಕೆಯೂ ಹೆಚ್ಚಿತ್ತು. ಮಕ್ಕಳಿಗೆ ಮೇಲ್ಪಂಕ್ತಿಯಾಗಿರುವುದಕ್ಕಿಂತಲೂ ಅವರನ್ನು ಮೈದಾನಕ್ಕೆ ಕರೆದೊಯ್ಯುವುದು, ಶುಲ್ಕ ಕಟ್ಟುವುದು, ಜೊತೆ ಆಡುವುದು, ನಿಂತು ನೋಡುವುದು ಹೆಚ್ಚು ಕೆಲಸ ಮಾಡುತ್ತದೆ ಎನ್ನುತ್ತವೆ ಹಲವು ಅಧ್ಯಯನಗಳು.

ದೂರ ಹೋಗಬೇಕಿಲ್ಲ. 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತ ರಾಜೇಶ್ವರಿ ಗಾಯಕವಾಡ ವಿಜಯಪುರದವರು. ಅವರ ಬೆನ್ನಿಗಿದ್ದದ್ದು ತಂದೆಯ ಒತ್ತಾಸೆ. ಕೊಡಗಿನಲ್ಲಂತೂ ಒಂದೊಂದು ಒಕ್ಕವೂ, ಅಂದರೆ ಮನೆತನವೂ, ಒಂದೊಂದು ತಂಡವಾಗಿ ಆಡುವ ಹಾಕಿ ಹಬ್ಬವಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ ಸೇರುವಷ್ಟು ಬೆಳೆಯಿತು. ಅಲ್ಲಿ ಚಿಕ್ಕಪ್ಪನ ಜೊತೆ ಅಣ್ಣನ ಮಗಳು ಸ್ಟಿಕ್ ಹಿಡಿದು ಇಳಿಯುತ್ತಾಳೆ. ಆಡುವುದು ಮನೆತನದ ಮರ್ಯಾದೆ ಎಂದಾಗ ಹುಡುಗಿಗೆ ಯಾರ ಅನುಮತಿಯೂ ಬೇಕಾಗುವುದಿಲ್ಲ.

ತಪ್ಪು ಕಲ್ಪನೆ: ಮದುವೆ ಗೊತ್ತಾದ ಮೇಲೆ ಎರಡು ತಿಂಗಳು ಬಾಯಿ ಕಟ್ಟಿದರೆ ಏನೂ ಆಗುವುದಿಲ್ಲ. ಊಟ ಬಿಡುವ ಕಾಯಿಲೆ ನಮ್ಮ ಕಡೆ ಇಲ್ಲ, ಅದು ವಯಸ್ಸಿನ ಹಠ.

ವಾಸ್ತವ: ಏಕಾಏಕಿ ಊಟ ಇಳಿಸಿದರೆ ತಿಂಗಳುಗಳ ಬಳಿಕ ಕೂದಲು ಉದುರುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗಬಹುದು, ಮುಟ್ಟು ನಿಲ್ಲಬಹುದು. ಹಸೆಮಣೆಯ ಮೇಲೆ ತಲೆಸುತ್ತಿ ಬೀಳುವ ಮದುಮಗಳನ್ನು ಕಂಡಿದ್ದೇವೆ, ಆಯಾಸ ಎಂದು ನಿಂಬೆ ಪಾನಕ ಕೊಟ್ಟು ಸುಮ್ಮನಾಗಿದ್ದೇವೆ.

ಊಟದ ಕಾಯಿಲೆಗಳು ನಮ್ಮಲ್ಲೂ ಇವೆ. ಸೋಮವಾರ, ಶನಿವಾರದ ಒಪ್ಪೊತ್ತಿನ ಹಿಂದೆ ಅಡಗುವುದರಿಂದ ಕಾಣುವುದಿಲ್ಲ ಅಷ್ಟೆ. ಊಟ ಬಿಡುವ ಕಾಯಿಲೆಯಾದ ಅನೊರೆಕ್ಸಿಯಾ ಮಾನಸಿಕ ಕಾಯಿಲೆಗಳಲ್ಲೇ ಹೆಚ್ಚು ಸಾವು ತರುವ ಕಾಯಿಲೆಗಳ ಸಾಲಿನಲ್ಲಿದೆ. ಊಟವಾದ ಕೂಡಲೇ ಬಚ್ಚಲಮನೆ ಬಾಗಿಲು ಹಾಕಿಕೊಳ್ಳುವುದು, ಹೊರಗೇ ತಿಂದು ಬಂದೆ ಎಂದು ದಿನವೂ ಹೇಳುವುದು, ದಿನಕ್ಕೆ ನಾಲ್ಕು ಸಲ ತೂಕ ನೋಡುವುದು, ಜ್ವರ ಬಂದರೂ ವ್ಯಾಯಾಮ ತಪ್ಪಿಸದಿರುವುದು, ಮೂರು ತಿಂಗಳು ಮುಟ್ಟಾಗದಿರುವುದು ಇವು ಕಂಡರೆ ಹಠ ಎಂದು ಬಿಡಬೇಡಿ. ಮನೆಯವರೇ ಕಾರಣ ಎಂದು ಎದೆ ಬಡಿದುಕೊಳ್ಳುವುದೂ ಬೇಡ. ಹುಟ್ಟುಗುಣ, ಒತ್ತಡ, ಸುತ್ತಲಿನ ಮಾತು ಎಲ್ಲ ಸೇರಿ ಬರುವ ಕಾಯಿಲೆ ಇದು. ಹದಿಹರೆಯದವರಲ್ಲಿ ಚೆನ್ನಾಗಿ ಫಲ ಕೊಟ್ಟಿರುವ ಚಿಕಿತ್ಸೆಯೊಂದರಲ್ಲಿ ತಂದೆ ತಾಯಿಯೇ ಜೊತೆಗೆ ಕೂತು ಹೊತ್ತು ಹೊತ್ತಿಗೆ ಉಣ್ಣಿಸುತ್ತಾರೆ.

ಅಂಥ ಲಕ್ಷಣ ಕಂಡರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಸಂಖ್ಯೆ 14416. ಕರೆಗೆ ಹಣವಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.